ಮೈಲು ಕೊಟ್ಟು ಬಿಸಿನೆಸ್ ಕ್ಲಾಸಿಗೆ ಏರುವ ಮುನ್ನ ಇದನ್ನು ಓದಿ

ವಿಮಾನದಲ್ಲಿ ಆಸನ ಖಾಲಿ ಇರುವುದು ಬೇರೆ, ಆ ಆಸನ ನಿಮ್ಮ ಮೈಲುಗಳಿಗೆ, ಅಂದರೆ ವಿಮಾನ ಸಂಸ್ಥೆ ತನ್ನ ಗ್ರಾಹಕರ ಖಾತೆಗೆ ಸೇರಿಸುವ ಅಂಕಗಳಿಗೆ, ಸಿಗುವುದು ಬೇರೆ. ಈ ವ್ಯತ್ಯಾಸ ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳುವ ವೇಳೆಗೆ 90,000 ಮೈಲುಗಳನ್ನು ವಿಮಾನ ಸಂಸ್ಥೆಯ ಕೈಗೊಪ್ಪಿಸಿ, ಎಕಾನಮಿ ಟಿಕೆಟ್ಟಿಗೆ ಬೇಡದಿದ್ದ ಹೆಚ್ಚುವರಿ ಹಣವನ್ನೂ ತೆತ್ತು, ಎಪ್ಪತ್ತೆರಡು ವರ್ಷದ ಅಮ್ಮನನ್ನು 11 ಗಂಟೆಗಳ ಕಾಲ ಇಕ್ಕಟ್ಟಿನ ಆಸನದಲ್ಲಿ ಕೂರಿಸಿಕೊಂಡು ಬಂದಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಏಕೆಂದರೆ ಮೈಲು, ಪಾಯಿಂಟ್‌ಗಳ ವಿಷಯದಲ್ಲಿ ಮನೆಮಂದಿಗೆಲ್ಲ ಸಲಹೆ ಕೊಡುತ್ತಿದ್ದವನು ನಾನೇ.

ಅಮ್ಮನಿಗೆ ಮೊಣಕಾಲು ನೋವು. ಒಮ್ಮೆಯಾದರೂ ಆಕೆ ಕಾಲು ಚಾಚಿ ಮಲಗಿ ಪ್ರಯಾಣಿಸಲಿ ಎಂಬುದು ನನ್ನ ಆಸೆಯಾಗಿತ್ತು. ಖಾತೆಯಲ್ಲಿ 50,000 ಮೈಲುಗಳಿದ್ದವು; ಇಬ್ಬರನ್ನು ಎಕಾನಮಿಯಿಂದ ಬಿಸಿನೆಸ್ ಕ್ಲಾಸಿಗೆ ಏರಿಸಲು ತಲಾ 45,000 ಬೇಕಿತ್ತು. ಟಿಕೆಟ್ ಕೊಳ್ಳುವ ಮೊದಲೇ ಗ್ರಾಹಕ ಸೇವೆಗೆ ಕರೆ ಮಾಡಿ, ಈ ದಿನದ ಈ ವಿಮಾನದಲ್ಲಿ ಅಪ್‌ಗ್ರೇಡ್ ಸಿಗುತ್ತದೆಯೇ ಎಂದು ನೇರವಾಗಿಯೇ ಕೇಳಿದ್ದೆ. ಬಂದ ಉತ್ತರ ಇಂದಿಗೂ ಅಕ್ಷರಶಃ ನೆನಪಿದೆ: "ಸರ್, ಬಿಸಿನೆಸ್ ಕ್ಲಾಸಿನಲ್ಲಿ 9 ಆಸನಗಳು ತೋರಿಸುತ್ತಿವೆ. ಅಪ್‌ಗ್ರೇಡ್‌ಗೆ ಅರ್ಹವಾದ ದರದಲ್ಲಿ ಟಿಕೆಟ್ ಪಡೆದರೆ ನೀವು ಮೈಲು ಬಳಸಿ ಕೋರಿಕೆ ಸಲ್ಲಿಸಬಹುದು."

ಕೋರಿಕೆ ಸಲ್ಲಿಸಬಹುದು. ಸಿಗುತ್ತದೆ ಎಂದು ಫೋನಿನಲ್ಲಿದ್ದಾಕೆ ಹೇಳಲೇ ಇಲ್ಲ. ಆದರೆ ನನ್ನ ಕಿವಿಗೆ ಕೇಳಿಸಿದ್ದು "ಸಿಗುತ್ತದೆ" ಎಂದೇ. ಆಕೆಯ ಎರಡು ವಾಕ್ಯಗಳೂ ಸತ್ಯ, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟ ರೀತಿಯಲ್ಲೇ ಮೋಸವಿತ್ತು. ಆಸನಗಳ ಸಂಖ್ಯೆಯನ್ನು ತೋರಿಸುವ ಪದ್ಧತಿಯಲ್ಲಿ 9ಕ್ಕಿಂತ ಹೆಚ್ಚಿನ ಅಂಕಿ ಕಾಣುವುದೇ ಇಲ್ಲ, 9 ಎಂದರೆ "9 ಅಥವಾ ಅದಕ್ಕಿಂತ ಹೆಚ್ಚು" ಎಂದರ್ಥ. ಮತ್ತು ಅದು ಹಣಕ್ಕೆ ಮಾರಾಟಕ್ಕಿರುವ ಆಸನಗಳ ಲೆಕ್ಕ, ಮೈಲುಗಳಿಗೆ ಬಿಟ್ಟುಕೊಟ್ಟ ಆಸನಗಳ ಲೆಕ್ಕವಲ್ಲ ಎಂಬುದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಅತಿ ಅಗ್ಗದ ಎಕಾನಮಿ ದರಕ್ಕೆ ಅಪ್‌ಗ್ರೇಡ್ ಅರ್ಹತೆ ಇಲ್ಲ ಎಂದರು. ಹೆಚ್ಚುಕಡಿಮೆ ಒಂದೂವರೆ ಪಟ್ಟು ಬೆಲೆಯ ಟಿಕೆಟ್‌ಗಳನ್ನು ಕೊಂಡೆ. ಕೊರತೆಯಾಗಿದ್ದ 40,000 ಮೈಲುಗಳಿಗಾಗಿ ಎರಡು ಪಾಯಿಂಟ್‌ಗೆ ಒಂದು ಮೈಲಿನಂತೆ ಕ್ರೆಡಿಟ್ ಕಾರ್ಡಿನ 80,000 ಪಾಯಿಂಟ್‌ಗಳನ್ನು ವರ್ಗಾಯಿಸಿದೆ. ಒಮ್ಮೆ ವರ್ಗಾಯಿಸಿದ ಪಾಯಿಂಟ್‌ಗಳು ಹಿಂದಕ್ಕೆ ಬರುವುದಿಲ್ಲ ಎಂದು ಪರದೆಯ ಮೇಲೆ ಬರೆದಿತ್ತು. ಓದಿಯೂ ಗುಂಡಿ ಒತ್ತಿದೆ. ಮೂರು ದಿನಗಳ ನಂತರ ಮೈಲುಗಳು ಬಂದವು, ಕೋರಿಕೆ ಸಲ್ಲಿಸಿದೆ, ಆ ಕ್ಷಣವೇ 90,000 ಮೈಲುಗಳೂ ಕಡಿತವಾದವು, ಪರದೆಯ ಮೇಲೆ ಮೂಡಿದ್ದು ಮಾತ್ರ "ವೇಟ್‌ಲಿಸ್ಟ್" ಎಂಬ ಒಂದೇ ಪದ. ಗಾಬರಿಯಿಂದ ಮತ್ತೆ ಕರೆ ಮಾಡಿದಾಗ, "ಆತಂಕ ಬೇಡ ಸರ್, ಪ್ರಯಾಣಕ್ಕೆ ಇನ್ನೂ ಎರಡು ತಿಂಗಳಿದೆ" ಎಂದರು. ನಾನು ಆತಂಕಪಡಲಿಲ್ಲ. ಅಮ್ಮನಿಗೆ ಹಾಸಿಗೆಯಂತೆ ಮಲಗುವ ಆಸನದ ಚಿತ್ರಗಳನ್ನು ತೋರಿಸಿದೆ, ಆಕೆ ತನ್ನ ತಂಗಿಯರಿಗೆಲ್ಲ ಫೋನು ಮಾಡಿ ಹೇಳಿಕೊಂಡಳು.

ಪ್ರಯಾಣದ ದಿನ ಚೆಕ್‌ ಇನ್ ಕೌಂಟರಿನಲ್ಲಿ ನಡೆದದ್ದನ್ನು ಮಾತ್ರ ವಿವರವಾಗಿ ಹೇಳಲೇಬೇಕು. ಅಲ್ಲಿದ್ದ ಸಿಬ್ಬಂದಿ ಪರದೆ ನೋಡಿ, "ನಿಮ್ಮ ಕೋರಿಕೆ ದೃಢಪಟ್ಟಿಲ್ಲ, ಮೈಲುಗಳಿಗೆ ಆಸನ ಲಭ್ಯವಿಲ್ಲ" ಎಂದರು. ಹೋಗಲಿ, ವಿಮಾನ ತುಂಬಿರಬೇಕು ಎಂದು ನಾನು ಮನಸ್ಸನ್ನು ಸಮಾಧಾನ ಮಾಡಿಕೊಳ್ಳುತ್ತಿರುವಾಗಲೇ ಆತ ಮುಂದುವರಿಸಿದರು: "ಬೇಕಿದ್ದರೆ ಹಣ ಪಾವತಿಸಿ ಈಗಲೇ ಅಪ್‌ಗ್ರೇಡ್ ಮಾಡಿಕೊಡಬಹುದು. ಇಬ್ಬರಿಗೂ ಅಕ್ಕಪಕ್ಕದ ಆಸನಗಳೇ ಇವೆ." ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಆಸನ ಇದೆಯೇ ಎಂದು ಕೇಳಿದೆ. ಇದೆ ಎಂದರು. ಹಾಗಾದರೆ ಮೈಲುಗಳಿಗೆ ಏಕಿಲ್ಲ ಎಂದೆ. "ಅದು ಬೇರೆ ಕೋಟಾ, ಸರ್." ನನ್ನ ಮೈಲುಗಳನ್ನು ಎರಡು ತಿಂಗಳ ಹಿಂದೆಯೇ ತೆಗೆದುಕೊಂಡಿದ್ದೀರಲ್ಲ ಎಂದೆ. "ಅವು ಮರಳಿ ಬರುತ್ತವೆ, ಸರ್." ಹಿಂದೆ ನಿಂತ ಸಾಲು ನಮ್ಮನ್ನೇ ನೋಡುತ್ತಿತ್ತು. ಆತ ಕೇಳಿದ ಮೊತ್ತ ನಮ್ಮಿಬ್ಬರ ಟಿಕೆಟ್ಟಿನ ಹಣಕ್ಕಿಂತಲೂ ಹೆಚ್ಚಾಗಿತ್ತು. ಅಮ್ಮ ನನ್ನ ತೋಳು ಹಿಡಿದು, "ಬಿಡಪ್ಪ, ನನಗೇನು ಮಲಗಿಕೊಂಡೇ ಹೋಗಬೇಕೆಂದಿಲ್ಲ" ಎಂದಳು. ಅದೇ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ವಿಮಾನ ಹತ್ತಿ ಬಿಸಿನೆಸ್ ಕ್ಲಾಸನ್ನು ಹಾದುಕೊಂಡೇ ಹಿಂದಕ್ಕೆ ಹೋಗಬೇಕಿತ್ತು. ಬಾಗಿಲು ಮುಚ್ಚಿದ ಮೇಲೆ ಎದ್ದು ಹೋಗಿ ಪರದೆಯ ಸಂದಿಯಿಂದ ಎಣಿಸಿದೆ: ಏಳು ಆಸನಗಳು ಖಾಲಿ ಇದ್ದವು. ಏಳು! ನಮಗೆ ಬೇಕಿದ್ದುದು ಎರಡು. ಗಗನಸಖಿಯನ್ನು ಕೇಳಿದಾಗ, ನೆಲದ ಸಿಬ್ಬಂದಿ ಕೊಟ್ಟ ಪಟ್ಟಿಯನ್ನು ತಾವು ಬದಲಿಸುವಂತಿಲ್ಲ ಎಂದು ವಿನಯದಿಂದಲೇ ಹೇಳಿದಳು. ಅವಳ ತಪ್ಪೇನೂ ಇಲ್ಲ.

ಮರಳಿದ ಮೇಲೆ ದೂರು ಬರೆದೆ. ಮೊದಲ ಉತ್ತರ: "ಅಪ್‌ಗ್ರೇಡ್‌ಗಳು ಲಭ್ಯತೆಗೆ ಒಳಪಟ್ಟಿವೆ." ಏಳು ಆಸನಗಳು ಖಾಲಿ ಇದ್ದುದನ್ನು ಬರೆದೆ. ಎರಡನೆಯ ಉತ್ತರ: "ಲಭ್ಯತೆ ಎಂದರೆ ಆ ವರ್ಗಕ್ಕೆ ನಿಗದಿಯಾದ ಆಸನಗಳ ಲಭ್ಯತೆ." ಹೆಚ್ಚುವರಿಯಾಗಿ ತೆತ್ತ ಟಿಕೆಟ್ ಹಣದ ಬಗ್ಗೆ ಕೇಳಿದ್ದಕ್ಕೆ, ಆ ದರ ಕೋರಿಕೆ ಸಲ್ಲಿಸುವ ಹಕ್ಕನ್ನು ನೀಡುತ್ತದೆ, ನೀವು ಆ ಹಕ್ಕನ್ನು ಬಳಸಿಕೊಂಡಿದ್ದೀರಿ ಎಂದರು. ಅಂದರೆ ಕೇಳುವ ಭಾಗ್ಯಕ್ಕೇ ಒಂದೂವರೆ ಪಟ್ಟು ಬೆಲೆ. ಇನ್ನು ಮರಳಿ ಬರುತ್ತವೆ ಎಂದ 90,000 ಮೈಲುಗಳಲ್ಲಿ ಖಾತೆಗೆ ಬಂದು ಉಳಿದದ್ದು 68,000 ಮಾತ್ರ. ಉಳಿದ 22,000 ಹಳೆಯ ಮೈಲುಗಳ ಅವಧಿ ಅವು ವೇಟ್‌ಲಿಸ್ಟಿನಲ್ಲಿ ಸಿಲುಕಿಕೊಂಡಿದ್ದಾಗಲೇ ಮುಗಿದಿತ್ತಂತೆ. ಬಂದ ದಿನವೇ ಅವು ಸತ್ತವು. ಅವರ ಬಳಿಯೇ ಇದ್ದ ಮೈಲುಗಳು, ಅವರ ಬಳಿಯೇ ಹಳಸಿದವು.

ಇದು ಹೇಗೆ ನಡೆಯುತ್ತದೆ ಎಂದು ಈಗ ಅರ್ಥವಾಗಿದೆ. ಒಂದೇ ಬಿಸಿನೆಸ್ ಕ್ಲಾಸನ್ನು ಸಂಸ್ಥೆಗಳು ಅಕ್ಷರಗಳ ಹೆಸರಿನಲ್ಲಿ ಹಲವು ದರವರ್ಗಗಳಾಗಿ ಒಡೆದಿಡುತ್ತವೆ. ಪೂರ್ಣ ದರದ್ದು ಸಾಮಾನ್ಯವಾಗಿ ಜೆ ಅಥವಾ ಸಿ, ಮೈಲುಗಳಿಗೆ ಬಿಡುವುದು ಇನ್ನಾವುದೋ ಅಕ್ಷರ. ಆ ಅಕ್ಷರದಲ್ಲಿ ಸೊನ್ನೆ ಇದ್ದರೆ ಇಡೀ ಕ್ಯಾಬಿನ್ ಖಾಲಿ ಇದ್ದರೂ ನಿಮಗೆ ಸೊನ್ನೆಯೇ. ವೇಟ್‌ಲಿಸ್ಟಿನಲ್ಲಿಯೂ ಮೇಲ್ದರ್ಜೆಯ ಸದಸ್ಯತ್ವವಿರುವವರು ನಿಮ್ಮ ನಂತರ ಬಂದರೂ ನಿಮಗಿಂತ ಮುಂದೆ ನಿಲ್ಲುತ್ತಾರೆ. ಜೊತೆಗೆ, ಕೊನೆಯ ಗಳಿಗೆಯವರೆಗೆ ಹಣಕ್ಕೆ ಮಾರುವ ಆಸೆಯನ್ನು ಸಂಸ್ಥೆ ಏಕೆ ಬಿಡಬೇಕು? ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ತನ್ನ ಮೈಲು ಯೋಜನೆಯನ್ನು ಆರಂಭಿಸಿದ ಮೇಲೆ ಹಲವು ಸಂಸ್ಥೆಗಳಲ್ಲಿ ಯಾವ ಪ್ರಯಾಣಕ್ಕೆ ಎಷ್ಟು ಮೈಲು ಎಂಬ ಪಟ್ಟಿಯಾದರೂ ಇರುತ್ತಿತ್ತು. ಅಮೆರಿಕದ ಇನ್ನೆರಡು ಸಂಸ್ಥೆಗಳಾದ ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ ಆ ಪಟ್ಟಿಗಳನ್ನೇ ತೆಗೆದುಹಾಕಿದವು. ಮೈಲು ನಮ್ಮದೆಂದು ನಾವು ಅಂದುಕೊಳ್ಳುತ್ತೇವೆ, ಅದರ ಬೆಲೆ ಕಟ್ಟುವವರು ಮಾತ್ರ ಅವರೇ.

ಆದ್ದರಿಂದ, ಮೈಲುಗಳಿಗೆ ಬಿಟ್ಟ ಆಸನ ದೃಢವಾಗಿ ಸಿಗುತ್ತದೆ ಎಂದು ಕಣ್ಣಾರೆ ಕಾಣುವವರೆಗೆ ಕಾರ್ಡಿನ ಪಾಯಿಂಟ್‌ಗಳನ್ನು ದಯವಿಟ್ಟು ವರ್ಗಾಯಿಸಬೇಡಿ. ಗ್ರಾಹಕ ಸೇವೆಯವರನ್ನು "ಆಸನ ಇದೆಯೇ" ಎಂದು ಕೇಳಬೇಡಿ, "ಈ ಕರೆಯಲ್ಲೇ, ಈಗಲೇ ದೃಢಪಡಿಸುತ್ತೀರಾ" ಎಂದು ಕೇಳಿ. ಅವರು "ಕೋರಿಕೆ" ಎಂಬ ಪದ ಎತ್ತಿದ ತಕ್ಷಣ ಫೋನು ಇಟ್ಟುಬಿಡಿ. ನಿಮ್ಮ ಮೈಲುಗಳಿರುವ ಸಂಸ್ಥೆಯ ಬದಲು ವಿಮಾನ ಹಾರಿಸುವವರು ಬೇರೆ ಸಂಸ್ಥೆಯಾಗಿದ್ದರೆ ಅಪ್‌ಗ್ರೇಡಿನ ಯೋಚನೆಯನ್ನೇ ಕೈಬಿಡುವುದು ಒಳ್ಳೆಯದು. ಮೈಲುಗಳಿಂದ ನೇರವಾಗಿಯೇ ಬಿಸಿನೆಸ್ ಕ್ಲಾಸಿನ ಟಿಕೆಟ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಆದರೆ ಅದರ ಮೇಲೆ ಹೇರುವ ಇಂಧನ ಶುಲ್ಕವನ್ನು ಮೊದಲು ನೋಡಿ. ಮತ್ತು ಟಿಕೆಟ್ ದೃಢಪಡುವ ಮುನ್ನ ಅಮ್ಮನಿಗೆ ಚಿತ್ರ ತೋರಿಸಬೇಡಿ.

ಕಳೆದ ವಾರ ಅದೇ ಸಂಸ್ಥೆಯಿಂದ ಮತ್ತೊಂದು ಮಿಂಚಂಚೆ ಬಂದಿದೆ. ಅವಧಿ ಮುಗಿದ 22,000 ಮೈಲುಗಳನ್ನು ಶುಲ್ಕ ಪಾವತಿಸಿ ಮರಳಿ ಪಡೆಯುವ "ವಿಶೇಷ ಅವಕಾಶ" ನನಗಿದೆಯಂತೆ. ಅದಕ್ಕೆ ಉತ್ತರವಾಗಿ ಮೂರನೆಯ ದೂರನ್ನು ಕಳುಹಿಸಿದ್ದೇನೆ. ಸದ್ಯಕ್ಕೆ ಬಂದಿರುವುದು ದೂರಿನ ಸಂಖ್ಯೆ ಮಾತ್ರ.