ಪೆಟ್ಟಿಗೆಯ ಮೇಲೆ 9000 ಲ್ಯೂಮೆನ್, ಗೋಡೆಯ ಮೇಲೆ 150: ಬಿ.ಎಡ್. ಓದುತ್ತ ಬಳಸಿದ ಕಿರು ಪ್ರೊಜೆಕ್ಟರ್

ಈ ಬಗೆಯ ಅಗ್ಗದ ಎಲ್‌ಇಡಿ ಪ್ರೊಜೆಕ್ಟರುಗಳಿಗೆ ಐದು ನಕ್ಷತ್ರ ಕೊಟ್ಟವರಲ್ಲಿ ಬಹುಪಾಲು ಜನ ರಾತ್ರಿ ಊಟ ಮುಗಿಸಿ, ದೀಪ ಆರಿಸಿ ಸಿನಿಮಾ ನೋಡಿದವರು. ಅವರ ಮಾತು ಸುಳ್ಳಲ್ಲ. ಆದರೆ ನನ್ನ ಕೆಲಸಕ್ಕೆ ಅದರಿಂದ ಪ್ರಯೋಜನವಾಗಲಿಲ್ಲ. ನಾನು ಗಣಿತವನ್ನು ಬೋಧನಾ ವಿಷಯವಾಗಿ ಆರಿಸಿಕೊಂಡ ಬಿ.ಎಡ್. ಪ್ರಶಿಕ್ಷಣಾರ್ಥಿ. ಎರಡನೆಯ ಸೆಮಿಸ್ಟರಿನ ಕೊನೆಗೆ ಕೊಂಡ ಈ ಯಂತ್ರವನ್ನು ನಾಲ್ಕನೆಯ ಸೆಮಿಸ್ಟರಿನವರೆಗೂ ಬಳಸಿದ್ದೆಲ್ಲ ಹಾಡುಹಗಲಿನಲ್ಲಿ, ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ಪರದೆಯಿಲ್ಲದ ಕಿಟಕಿಗಳ ಕೊಠಡಿಗಳಲ್ಲಿ. ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಒಳಗಿನ ಯಂತ್ರವೂ ಹೊರಗಿನ ಕವಚವೂ ಒಂದೇ ಆಗಿರುವ ಪ್ರೊಜೆಕ್ಟರುಗಳು ಹಲವು ಹೆಸರುಗಳಲ್ಲಿ ಮಾರಾಟವಾಗುತ್ತವೆ. ನನ್ನದರ ಹೆಸರು ಹೇಳಿದರೆ ಉಳಿದವರು ತಪ್ಪಿಸಿಕೊಳ್ಳುತ್ತಾರೆ.

ಕೊಂಡ ಕಾರಣ ಸರಳವಾದದ್ದು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ನಂತರ ಬಿ.ಎಡ್. ಎರಡು ವರ್ಷದ ಕೋರ್ಸಾಗಿದ್ದು, ಶಾಲಾ ಇಂಟರ್ನ್‌ಶಿಪ್‌ನ ಅವಧಿಯೂ ಹೆಚ್ಚಿದೆ. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ವಿಮರ್ಶಾತ್ಮಕ ಅರಿವಿಗಾಗಿಯೇ ಒಂದು ಪತ್ರಿಕೆ ಇದೆ. ಶಿಕ್ಷಣ ಸಂಶೋಧಕರಾದ ಮಿಶ್ರಾ ಮತ್ತು ಕೋಹ್ಲರ್ 2006ರಲ್ಲಿ ಮಂಡಿಸಿದ, ವಿಷಯಜ್ಞಾನ, ಬೋಧನಾಜ್ಞಾನ, ತಂತ್ರಜ್ಞಾನಗಳ ಮೂರು ವೃತ್ತಗಳು ಒಂದರ ಮೇಲೊಂದು ಹಾಯುವ ಚಿತ್ರವನ್ನು ಪರೀಕ್ಷೆಗೆಂದು ನಾವೆಲ್ಲ ಬರೆದು ಅಂಕ ಗಳಿಸಿದ್ದೇವೆ. ಆದರೆ ತಂತ್ರಜ್ಞಾನದ ಪಾಠಯೋಜನೆಯನ್ನು ಬರೆದು ಶಾಲೆಗೆ ಹೋದರೆ ಅಲ್ಲಿ ಯಂತ್ರವಿರಬೇಕಲ್ಲ? ಹಾಸ್ಟೆಲಿನಲ್ಲಿ ಉಳಿದು ಓದುವ ನನ್ನ ಮಿತಿ ಏಳು ಸಾವಿರ ರೂಪಾಯಿಗಳಾಗಿತ್ತು. ಹಳೆಯ ಲ್ಯಾಪ್‌ಟಾಪ್ ಮೊದಲೇ ಇತ್ತು.

ಈ ಯಂತ್ರದ ಮುಖ್ಯ ದೋಷ ಒಂದೇ, ಆದರೆ ಪ್ರೊಜೆಕ್ಟರಿನಲ್ಲಿ ಇರಲೇಬಾರದಾದ ದೋಷ ಅದು: ಬೆಳಕು ಸಾಲದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 9000 ಲ್ಯೂಮೆನ್ ಎಂದು ಮುದ್ರಿಸಿದ್ದಾರೆ. ಲ್ಯೂಮೆನ್ ಎಂದರೆ ಹೊರಬರುವ ಒಟ್ಟು ಬೆಳಕಿನ ಅಳತೆ. ಗೋಡೆಯ ಮೇಲೆ ಬಿದ್ದ ಬೆಳಕನ್ನು ಅಳೆಯುವ ಒಪ್ಪಿತ ವಿಧಾನವೊಂದಿದ್ದು, ಅದಕ್ಕೆ ಆನ್ಸಿ ಲ್ಯೂಮೆನ್ ಎಂದು ಕರೆಯುತ್ತಾರೆ. ಪೂರ್ತಿ ಬಿಳಿಯ ಚಿತ್ರವನ್ನು ಮೂಡಿಸಿ, ಅದನ್ನು ಒಂಬತ್ತು ಸಮಭಾಗ ಮಾಡಿ, ಪ್ರತಿ ಭಾಗದ ನಡುವೆ ಎಷ್ಟು ಲಕ್ಸ್ (ಒಂದು ಚದರಮೀಟರಿಗೆ ಬೀಳುವ ಲ್ಯೂಮೆನ್) ಬೆಳಕಿದೆ ಎಂದು ಅಳೆದು, ಸರಾಸರಿಯನ್ನು ಚಿತ್ರದ ಚದರಮೀಟರ್ ವಿಸ್ತೀರ್ಣದಿಂದ ಗುಣಿಸಬೇಕು. ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ. ಹಾಸ್ಟೆಲಿನ ಕೋಣೆಯನ್ನು ಕತ್ತಲೆ ಮಾಡಿ ಮೊಬೈಲಿನ ಬೆಳಕುಮಾಪಕದಿಂದ ಅಳೆದಾಗ ನನಗೆ ಸಿಕ್ಕ ಉತ್ತರ ಸುಮಾರು 150. ಮೊಬೈಲಿನ ಮಾಪಕ ಅಷ್ಟೇನೂ ನಂಬಿಕಸ್ತ ಸಾಧನವಲ್ಲ ಎಂದು ಒಪ್ಪುತ್ತೇನೆ. ಆದರೆ ಅದು ಅರ್ಧಕ್ಕರ್ಧ ತಪ್ಪಿದ್ದರೂ 150 ಎಲ್ಲಿ, 9000 ಎಲ್ಲಿ?

ಈ ಅಂತರ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಯಂತ್ರದ ಒಳಗೇ ವಿವರಣೆಯಿದೆ. ಅಗ್ಗದ ಪ್ರೊಜೆಕ್ಟರುಗಳಲ್ಲಿ ಒಂದೇ ಎಲ್‌ಸಿಡಿ ಫಲಕವಿದ್ದು, ಎಲ್‌ಇಡಿಯ ಬಿಳಿ ಬೆಳಕು ಅದರ ಮೂಲಕ ಹಾದು ಬರಬೇಕು. ಫಲಕದ ಮುಂದಿರುವ ಧ್ರುವಕವೇ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಬೆಳಕಿನ ಅರ್ಧದಷ್ಟನ್ನು ನುಂಗುತ್ತದೆ; ಉಳಿದುದರಲ್ಲಿ ಮೂರನೆಯ ಎರಡು ಭಾಗ ಕೆಂಪು, ಹಸಿರು, ನೀಲಿ ಸೋಸುಕಗಳಲ್ಲಿ ಕಳೆದುಹೋಗುತ್ತದೆ; ಅದರ ಮೇಲೆ ಮಸೂರ, ಕನ್ನಡಿಗಳ ನಷ್ಟ ಬೇರೆ. ದೀಪದ ಬಳಿ ಲೆಕ್ಕ ಹಾಕಿ, ಅದನ್ನೂ ಉಬ್ಬಿಸಿ ಪೆಟ್ಟಿಗೆಯ ಮೇಲೆ ಮುದ್ರಿಸಿದರೆ ಗೋಡೆಗೂ ಆ ಅಂಕಿಗೂ ಸಂಬಂಧವೇ ಉಳಿಯುವುದಿಲ್ಲ. ದೂರು ಬರೆದಾಗ ಮಾರಾಟಗಾರರಿಂದ ಬಂದ ಉತ್ತರ, ಉತ್ತಮ ಅನುಭವಕ್ಕಾಗಿ ಕತ್ತಲೆ ಕೋಣೆಯಲ್ಲಿ ಬಳಸಿ ಎಂಬುದಷ್ಟೇ. ನಲವತ್ತು ಮಕ್ಕಳು ಕುಳಿತ ಕೊಠಡಿಯ ಕಿಟಕಿಗಳನ್ನೆಲ್ಲ ಮುಚ್ಚಿ, ಏಪ್ರಿಲಿನ ಸೆಕೆಯಲ್ಲಿ, ಪುಸ್ತಕವೂ ಕಾಣದ ಕತ್ತಲೆಯಲ್ಲಿ ಪಾಠ ಮಾಡಿ ಎಂದು ಅದರ ಅರ್ಥ. 

ಮೊದಲ ಪಾಠಗಳು ಹೇಗಿದ್ದವೆಂದರೆ, ಗೋಡೆಯ ಮೇಲೆ ಏನೋ ಇದೆ ಎಂಬುದಷ್ಟೇ ಮಕ್ಕಳಿಗೆ ತಿಳಿಯುತ್ತಿತ್ತು. ಸರ್ಕಾರದ ಡಿಜಿಟಲ್ ಪಾಠಗಳ ತಾಣವಾದ ದೀಕ್ಷಾದಿಂದ ಮೊದಲೇ ಇಳಿಸಿಕೊಂಡಿದ್ದ ವಿಡಿಯೊಗಳಲ್ಲಿ ನೆರಳಿನ ಭಾಗಗಳೆಲ್ಲ ಬೂದು ಬಣ್ಣದಲ್ಲಿ ಕರಗಿಹೋದವು. ಅದು ವಿಡಿಯೊದ ತಪ್ಪಲ್ಲ. ಪ್ರೊಜೆಕ್ಟರಿಗೆ ಕಪ್ಪನ್ನು ಬಿಡುವ ಶಕ್ತಿಯಿಲ್ಲ. ಬೆಳಕನ್ನು ಬಿಡದೆ ಇರುವುದೇ ಅದರ ಪಾಲಿಗೆ ಕಪ್ಪು. ಹಾಗಾಗಿ ಹಗಲಿನ ಗೋಡೆ ಎಷ್ಟು ಬೆಳಗಿರುತ್ತದೋ ಅಷ್ಟು ಬೆಳಗಿರುವುದೇ ಚಿತ್ರದ ಅತ್ಯಂತ ಕಪ್ಪಾದ ಭಾಗ. ನಮ್ಮ ಕೊಠಡಿಯ ಒಳಗೋಡೆಯ ಮೇಲೆ ಬೆಳಗಿನ ಹೊತ್ತು ಸುಮಾರು 300 ಲಕ್ಸ್ ಬೆಳಕು ಇರುತ್ತಿತ್ತು. 60 ಇಂಚಿನ ಚಿತ್ರದ ವಿಸ್ತೀರ್ಣ ಹತ್ತಿರಹತ್ತಿರ ಒಂದು ಚದರಮೀಟರ್. 150 ಲ್ಯೂಮೆನ್ ಅಲ್ಲಿ ಹರಡಿದರೆ 150 ಲಕ್ಸ್. ಅಂದರೆ ಬಿಳಿಯ ಭಾಗದಲ್ಲಿ 450, ಕಪ್ಪು ಭಾಗದಲ್ಲಿ 300. ಅನುಪಾತ ಒಂದೂವರೆ ಮಾತ್ರ. ಇಷ್ಟು ಸಣ್ಣ ಅಂತರದಲ್ಲಿ ಹಿಂದಿನ ಬೆಂಚಿನ ಮಕ್ಕಳು ಶೀರ್ಷಬಿಂದುಗಳ ಹೆಸರನ್ನು ಓದಲಾರರು.

ಹಣ ವಾಪಸ್ ಪಡೆಯುವ ಅವಧಿ ಅಷ್ಟರಲ್ಲಿ ಮುಗಿದಿತ್ತು. ಹೊಸದನ್ನು ಕೊಳ್ಳುವಷ್ಟು ದುಡ್ಡಿರಲಿಲ್ಲ. ಈ ವಿಮರ್ಶೆಯನ್ನು ಆಗಲೇ ಬರೆದಿದ್ದರೆ ಒಂದು ನಕ್ಷತ್ರವನ್ನೂ ಕೊಡುತ್ತಿರಲಿಲ್ಲ. 

ಬದಲಾವಣೆ ಶುರುವಾದದ್ದು ಮೇಲಿನ ಲೆಕ್ಕದಿಂದಲೇ. ಚಿತ್ರದ ಕರ್ಣವನ್ನು ಅರ್ಧಕ್ಕಿಳಿಸಿದರೆ ವಿಸ್ತೀರ್ಣ ಕಾಲು ಭಾಗಕ್ಕಿಳಿಯುತ್ತದೆ, ಅದೇ ಬೆಳಕು ನಾಲ್ಕು ಪಟ್ಟು ದಟ್ಟವಾಗುತ್ತದೆ. 30 ಇಂಚಿನ ಚಿತ್ರದಲ್ಲಿ 600 ಲಕ್ಸ್ ಬೀಳುವುದರಿಂದ 900ಕ್ಕೆ 300, ಅಂದರೆ ಮೂರರ ಅನುಪಾತ. ಸಮರೂಪ ಆಕೃತಿಗಳ ವಿಸ್ತೀರ್ಣಗಳ ಅನುಪಾತವು ಅನುರೂಪ ಬಾಹುಗಳ ವರ್ಗಗಳ ಅನುಪಾತಕ್ಕೆ ಸಮ ಎಂಬುದನ್ನು ನಾನೇ ಕಲಿಸಬೇಕಿದ್ದ ಪಾಠದ ಪಕ್ಕದಲ್ಲಿಯೇ ಈ ಉದಾಹರಣೆ ಬಿದ್ದಿತ್ತು. ಚಿತ್ರ ಚಿಕ್ಕದಾದದ್ದರಿಂದ ಮಕ್ಕಳು ಬೆಂಚು ಬಿಟ್ಟು ಹತ್ತಿರ ಬಂದು, ಅರ್ಧವೃತ್ತವಾಗಿ ನೆಲದ ಮೇಲೆ ಕುಳಿತುಕೊಳ್ಳಬೇಕಾಯಿತು. ಮಾರ್ಗದರ್ಶಕ ಶಿಕ್ಷಕರಿಗೆ ಮೊದಲ ದಿನ ಇದು ಗದ್ದಲವೆಂದೇ ಕಂಡಿತು.

ಎರಡನೆಯ ಸಂಗತಿ ಇನ್ನೂ ದೊಡ್ಡದು. ಬಿಳಿ ಗೋಡೆಯನ್ನು ಬಿಟ್ಟು ಕಪ್ಪುಹಲಗೆಯ ಮೇಲೆಯೇ ಚಿತ್ರ ಬಿಟ್ಟರೇನು? ಕಪ್ಪುಹಲಗೆ ಬೆಳಕನ್ನು ಹೀರುತ್ತದೆ ಎಂಬುದು ಎಲ್ಲರ ಆಕ್ಷೇಪ. ಆದರೆ ಅದು ಪ್ರೊಜೆಕ್ಟರಿನ ಬೆಳಕನ್ನು ಹೀರುವ ಪ್ರಮಾಣದಲ್ಲಿಯೇ ಕಿಟಕಿಯ ಬೆಳಕನ್ನೂ ಹೀರುತ್ತದೆ. ಅಂಶ, ಛೇದ ಎರಡಕ್ಕೂ ಒಂದೇ ಗುಣಕ ಬಂದು ರದ್ದಾಗುತ್ತದೆ. ಹಲಗೆ ಹೊಳಪಿಲ್ಲದೆ ಮಾಸಿದ್ದರೆ ಅನುಪಾತ ಬದಲಾಗುವುದಿಲ್ಲ. ನಷ್ಟವಿಲ್ಲ, ಲಾಭವೋ, ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯಬಹುದು! ಜಿಯೋಜಿಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಹಿನ್ನೆಲೆಯನ್ನು ಕಪ್ಪು ಮಾಡಿ, ರೇಖೆಗಳನ್ನು ಬಿಳಿಯಾಗಿಸಿ, ದಪ್ಪ ಹೆಚ್ಚಿಸಿ, ಅಕ್ಷರಗಳನ್ನು ದೊಡ್ಡದು ಮಾಡಿದರೆ ಹಲಗೆಯ ಮೇಲೆ ಬೆಳಕಿನ ರೇಖೆಗಳಷ್ಟೇ ಮೂಡುತ್ತವೆ. ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ಆಸ್ಟ್ರಿಯದ ಸಾಲ್ಜ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ತಂತ್ರಾಂಶ ಶಾಲೆಯ ಬಳಕೆಗೆ ಉಚಿತ. ಒಮ್ಮೆ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮ ಶಾಲೆಯ ಮಟ್ಟಿಗೆ ಈ ಎರಡನೆಯ ಗುಣವೇ ಮುಖ್ಯ.

ಹತ್ತನೆಯ ತರಗತಿಗೆ ಬಹುಪದೋಕ್ತಿಗಳ ಶೂನ್ಯತೆಗಳನ್ನು ನಕ್ಷೆಯ ಮೂಲಕ ಕಲಿಸಿದ ಪಾಠವನ್ನು ವಿವರಿಸುತ್ತೇನೆ. ಹಲಗೆಯ ಮೇಲೆ ಪರವಲಯ ಬೆಳಕಿನಲ್ಲಿ ನಿಂತಿದೆ; ಸ್ಥಿರಪದದ ಸ್ಲೈಡರನ್ನು ನಾನು ನಿಧಾನವಾಗಿ ಎಳೆಯುತ್ತೇನೆ; ವಕ್ರರೇಖೆ ಮೇಲೇರುತ್ತ ಎಕ್ಸ್ ಅಕ್ಷವನ್ನು ಎರಡು ಕಡೆ ಕತ್ತರಿಸುವುದರಿಂದ ಒಂದೇ ಕಡೆ ಮುಟ್ಟುವ ಸ್ಥಿತಿಗೆ, ಅಲ್ಲಿಂದ ಮುಟ್ಟದೇ ಇರುವ ಸ್ಥಿತಿಗೆ ಬರುತ್ತದೆ. ಪ್ರತಿ ಸ್ಥಿತಿಯಲ್ಲಿಯೂ ಒಬ್ಬ ವಿದ್ಯಾರ್ಥಿನಿ ಎದ್ದು ಬಂದು ಬೆಳಕಿನ ರೇಖೆಯ ಮೇಲೆ ಬೇರೆ ಬೇರೆ ಬಣ್ಣದ ಸೀಮೆಸುಣ್ಣದಿಂದ ತಿದ್ದುತ್ತಾಳೆ. ಪ್ರೊಜೆಕ್ಟರನ್ನು ಆರಿಸಿದಾಗ ಮೂರೂ ಪರವಲಯಗಳು ಹಲಗೆಯ ಮೇಲೆ ಒಟ್ಟಿಗೆ ಉಳಿದಿರುತ್ತವೆ. ಒಂದೇ ಆಕೃತಿ ಮೂರು ಎತ್ತರದಲ್ಲಿ ನಿಂತಿರುವುದು ಎಲ್ಲರಿಗೂ ಕಾಣುತ್ತದೆ. ದೊಡ್ಡ ಸ್ಮಾರ್ಟ್ ಬೋರ್ಡಿನಲ್ಲಿ ಚಿತ್ರ ಮುಂದೆ ಸರಿದರೆ ಹಿಂದಿನದು ಮಾಯವಾಗುತ್ತದೆ. ಇಲ್ಲಿ ಉಳಿಯುತ್ತದೆ, ಅದೂ ಮಕ್ಕಳದೇ ಕೈಬರಹದಲ್ಲಿ. ವೃತ್ತದ ವ್ಯಾಸದ ಮೇಲಿನ ಅರ್ಧವೃತ್ತಕೋನ ಲಂಬಕೋನವೆಂಬುದನ್ನೂ ಹೀಗೆಯೇ ಮಾಡಿಸಿದೆ: ಬಿಂದುವನ್ನು ಕಂಸದ ಮೇಲೆ ಸರಿಸಿದಂತೆಲ್ಲ ಮರದ ಮೂಲೆಮಟ್ಟವನ್ನು ತಂದು ಹಲಗೆಗೆ ಒತ್ತಿ ನೋಡುವ ಕೆಲಸ ಅವರದು. ತಂತ್ರಾಂಶ 90 ಡಿಗ್ರಿ ಎಂದು ತೋರಿಸುವುದನ್ನು ನಾನು ಬೇಕೆಂದೇ ಮರೆಮಾಡಿರುತ್ತಿದ್ದೆ.

ಮೂಲೆಮಟ್ಟವನ್ನು ನಂಬಬೇಕಾದರೆ ಚಿತ್ರ ಸೊಟ್ಟಗಿರಬಾರದು. ಪ್ರೊಜೆಕ್ಟರ್ ಓರೆಯಾಗಿ ಕುಳಿತರೆ ಆಯತ ತ್ರಾಪಿಜ್ಯವಾಗುತ್ತದೆ, ವೃತ್ತ ಮೊಟ್ಟೆಯಾಗುತ್ತದೆ, ಲಂಬಕೋನ ಲಂಬವಾಗಿ ಉಳಿಯುವುದಿಲ್ಲ. ಸಿನಿಮಾ ನೋಡುವವರಿಗೆ ಇದು ಕಾಣುವುದೇ ಇಲ್ಲ. ರೇಖಾಗಣಿತದ ಶಿಕ್ಷಕರಿಗೆ ಇದೇ ಸರ್ವಸ್ವ. ಯಂತ್ರದಲ್ಲಿ ಸೊಟ್ಟ ಸರಿಪಡಿಸುವ ಗುಂಡಿಯಿದ್ದರೂ, ಅದು ಅಂಚಿನ ಚುಕ್ಕೆಗಳನ್ನು ಕತ್ತರಿಸಿ ಸರಿಪಡಿಸುವುದರಿಂದ ಇರುವ ಅಲ್ಪ ಬೆಳಕಿನಲ್ಲಿ ಇನ್ನಷ್ಟು ಹೋಗುತ್ತದೆ. ಆದ್ದರಿಂದ ಪ್ರಾರ್ಥನೆಯ ಗಂಟೆಗೆ ಮೊದಲೇ ಹೋಗಿ ಮೇಜನ್ನು ಎಳೆದು, ಯಂತ್ರದ ಕೆಳಗೆ ಪುಸ್ತಕಗಳನ್ನು ಜೋಡಿಸಿ, ಒಂದು ಆಯತವನ್ನು ಹಲಗೆಯ ಮೇಲೆ ಮೂಡಿಸಿ, ಗಂಟು ಹಾಕಿದ ದಾರದಿಂದ ಅಳೆಯುವುದು ನನ್ನ ನಿತ್ಯದ ಕ್ರಮವಾಯಿತು. ಕೆಲವು ದಿನ ಬೇಗ ಬರುವ ಮಕ್ಕಳು ದಾರದ ಇನ್ನೊಂದು ತುದಿಯನ್ನು ಹಿಡಿಯುತ್ತಿದ್ದರು. ಕರ್ಣಗಳೆರಡೂ ಸಮವಾದರೆ ಸಾಕೇ ಎಂದು ಒಂಬತ್ತನೆಯ ತರಗತಿಯವರನ್ನು ಕೇಳಿದೆ. ಸಾಕು ಎಂದವರೇ ಹೆಚ್ಚು. ಸಮದ್ವಿಬಾಹು ತ್ರಾಪಿಜ್ಯದಲ್ಲಿಯೂ ಕರ್ಣಗಳು ಸಮವಾಗಿರುತ್ತವೆ ಎಂದು ಒಬ್ಬ ಹುಡುಗ ಹಲಗೆಯ ಮೇಲೆ ಬರೆದು ತೋರಿಸಿದ ಮೇಲೆ, ಎದುರು ಬಾಹುಗಳನ್ನು ಮೊದಲು ಅಳೆದು ಸಮಾಂತರ ಚತುರ್ಭುಜವೆಂದು ಖಚಿತಪಡಿಸಿಕೊಂಡು, ಆಮೇಲೆ ಕರ್ಣಗಳಿಗೆ ಹೋಗುವ ಪದ್ಧತಿ ತರಗತಿಯಲ್ಲಿ ನೆಲೆಯಾಯಿತು. ಚತುರ್ಭುಜಗಳ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆಯನ್ನು ನನ್ನ ಯಾವ ಪಾಠಯೋಜನೆಯಲ್ಲಿಯೂ ಬರೆದಿರಲಿಲ್ಲ.

ಉಳಿದ ಗುಣದೋಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಫ್ಯಾನಿನ ಸದ್ದು ಜೋರು. ಪಕ್ಕದಲ್ಲಿ ಕುಳಿತ ಮಕ್ಕಳಿಗೆ ನನ್ನ ಮಾತು ಕೇಳಲೆಂದು ಗಂಟಲು ಏರಿಸಬೇಕಾಗುತ್ತದೆ. ವಿದ್ಯುತ್ ಬಳಕೆ ಕಡಿಮೆಯಾದ್ದರಿಂದ ಮಳೆಗಾಲದಲ್ಲಿ ಕರೆಂಟು ಹೋದಾಗ ಕಚೇರಿಯ ಯುಪಿಎಸ್‌ನಿಂದ ತಂತಿ ಎಳೆದು ಪಾಠ ಮುಗಿಸಿದ್ದುಂಟು. 1080ಪಿ ಎಂದು ಬರೆದಿರುವುದು ಸ್ವೀಕರಿಸುವ ಸಂಕೇತದ ಮಾತು, ಫಲಕದ ಚುಕ್ಕೆಗಳ ಲೆಕ್ಕವಲ್ಲ. ದಪ್ಪ ರೇಖೆಗಳ ನನ್ನ ಬಳಕೆಗೆ ಅದರಿಂದ ತೊಂದರೆಯಾಗಲಿಲ್ಲ. ರಿಮೋಟು ಆರು ತಿಂಗಳಿಗೇ ಸತ್ತಿತು.

ಧೂಳಿನ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಬೆಳಕಿನ ಹಾದಿ ಮುಚ್ಚಿದ ಪೆಟ್ಟಿಗೆಯಲ್ಲಿಲ್ಲದ ಯಂತ್ರ ಇದು. ಫ್ಯಾನು ಎಳೆಯುವ ಗಾಳಿ ಎಲ್‌ಸಿಡಿ ಫಲಕವನ್ನು ತಾಗಿಯೇ ಹೋಗುತ್ತದೆ. ಕಪ್ಪುಹಲಗೆಯ ಎದುರು ಇಟ್ಟು ಸೀಮೆಸುಣ್ಣದ ಪುಡಿಯ ನಡುವೆ ಓಡಿಸುವ ನನ್ನ ವಿಧಾನವೇ ಇದಕ್ಕೆ ಶತ್ರು. ಮೂರನೆಯ ಸೆಮಿಸ್ಟರಿನ ನಡುವೆ ಚಿತ್ರದ ಮೇಲಿನ ಮೂಲೆಯಲ್ಲಿ ಬೂದು ಕಲೆಯೊಂದು ಕಾಣಿಸಿಕೊಂಡಿತು. ವಾರಂಟಿಯಲ್ಲಿ ಧೂಳು ಬರುವುದಿಲ್ಲ ಎಂದು ಮಾರಾಟಗಾರರು ಕೈತೊಳೆದುಕೊಂಡರು. ಪೇಟೆಯ ಮೊಬೈಲ್ ರಿಪೇರಿ ಅಂಗಡಿಯವರು ಬಿಚ್ಚಿ ಒರೆಸಿಕೊಟ್ಟರು. ಈಗ ಗಾಳಿ ಒಳಹೋಗುವ ಕಿಂಡಿಗೆ ತೆಳುವಾದ ಸ್ಪಂಜಿನ ತುಂಡನ್ನು ಅಂಟಿಸಿ, ಶನಿವಾರಕ್ಕೊಮ್ಮೆ ತೊಳೆಯುತ್ತೇನೆ. ಅದರಿಂದ ಯಂತ್ರ ಬೇಗ ಬಿಸಿಯಾಗುವುದರಿಂದ ಒಂದು ಪೀರಿಯಡ್ಡಿಗಿಂತ ಹೆಚ್ಚು ಹೊತ್ತು ಓಡಿಸುವುದಿಲ್ಲ.

ನನ್ನ ಅಂಕ ಐದಕ್ಕೆ ಮೂರು, ಅದರಲ್ಲಿ ಒಂದೂವರೆ ಕಪ್ಪುಹಲಗೆಗೆ ಸೇರಬೇಕಾದದ್ದು. ವಿಜ್ಞಾನ, ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಇದನ್ನು ಕೊಳ್ಳಬೇಡಿ. ನಿಮಗೆ ಬೇಕಾದ ಭೂಪಟದ ಬಣ್ಣಗಳು, ಜೀವಕೋಶದ ಛಾಯಾಚಿತ್ರಗಳು ಹಗಲಿನಲ್ಲಿ ಇದರಿಂದ ಮೂಡುವುದಿಲ್ಲ. ರೇಖೆಗಳಿಂದಲೇ ಪಾಠ ಸಾಗುವ ಗಣಿತದವರು, ಕೈಯಲ್ಲಿ ಏಳು ಸಾವಿರಕ್ಕಿಂತ ಹೆಚ್ಚಿಲ್ಲದಿದ್ದರೆ, ಕೊಳ್ಳಬಹುದು. ಆದರೆ ಆನ್ಸಿ ಲ್ಯೂಮೆನ್ ಎಷ್ಟೆಂದು ಮಾರಾಟಗಾರರನ್ನು ಲಿಖಿತವಾಗಿ ಕೇಳಿ, ಉತ್ತರ ಬಾರದಿದ್ದರೆ ಬೇರೆಯವರ ಬಳಿ ಹೋಗಿ. ಬಂದ ದಿನವೇ ತರಗತಿಯಷ್ಟು ಬೆಳಕಿರುವ ಕೋಣೆಯಲ್ಲಿ ಹಗಲಿನಲ್ಲಿ ಹಚ್ಚಿ ನೋಡಿ, ಹಣ ವಾಪಸ್ ಪಡೆಯುವ ಅವಧಿ ಇನ್ನೂ ಇರುವಾಗಲೇ.