ಸೆನ್ಸರ್ ಅಂಟಿಸಿದ ಜಾಗ ತುರಿಸುತ್ತಿದ್ದರೆ ಬೆವರು ಅಂತ ಬಿಡಬೇಡಿ

ನನ್ನ ಮಗಳ ಎಡತೋಳಿನ ಹಿಂದೆ ಒಂದು ಗುಂಡನೆ ಕಲೆ ಇದೆ. ಸುತ್ತಲಿನ ಚರ್ಮಕ್ಕಿಂತ ಕಪ್ಪು. ಏಳು ತಿಂಗಳಾದರೂ ಪೂರ್ತಿ ಹೋಗಿಲ್ಲ. ತಲೆ ಬಾಚುವಾಗ ದಿನಾ ಕಣ್ಣಿಗೆ ಬೀಳುತ್ತದೆ. ಮೊದಲ ದಿನವೇ ನಾನು ಅವಳ ಮಾತು ಕೇಳಿದ್ದರೆ ಅದು ಆಗುತ್ತಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಶುಗರ್ ಸೆನ್ಸರ್ ಹಾಕುತ್ತಿದ್ದರೆ ದಯವಿಟ್ಟು ಇದನ್ನು ಓದಿ.

ನಾವು ಬಾಗಲಕೋಟೆಯ ನವನಗರದವರು. ಮಗಳಿಗೆ 11 ವರ್ಷ. ಎಂಟನೇ ವಯಸ್ಸಿಗೆ ಟೈಪ್ 1 ಡಯಾಬಿಟಿಸ್ ಬಂತು. ಆಗಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್, ಆರೇಳು ಸಲ ಬೆರಳಿಗೆ ಸೂಜಿ. ಬೆರಳಿನ ತುದಿಯಲ್ಲೆಲ್ಲ ಸಣ್ಣ ಸಣ್ಣ ಕಪ್ಪು ಚುಕ್ಕೆ. ಹಾಗಾಗಿ ತೋಳಿಗೆ ಅಂಟಿಸುವ ಸೆನ್ಸರ್ ಬಗ್ಗೆ ಡಾಕ್ಟರ್ ಹೇಳಿದಾಗ ಎಷ್ಟು ಖುಷಿಯಾಯಿತು ಅಂದರೆ, ಅವತ್ತೇ ತರಿಸಿದೆವು. ಕೂದಲಿನಷ್ಟು ಸಣ್ಣ ಎಳೆ ಚರ್ಮದ ಕೆಳಗೆ ಇರುತ್ತದೆ. ಜೀವಕೋಶಗಳ ನಡುವಿನ ನೀರಿನಲ್ಲಿ ಸಕ್ಕರೆ ಎಷ್ಟಿದೆ ಅಂತ ಅಳೆದು ಮೊಬೈಲಿಗೆ ಕಳಿಸುತ್ತದೆ. ಒಂದು ಸೆನ್ಸರ್ 14 ದಿನ. ಫೆಬ್ರವರಿಯಲ್ಲಿ ಶುರು ಮಾಡಿದೆವು. ಮೊದಲ ಮೂರು ಸೆನ್ಸರ್‌ಗೆ ಏನೂ ಆಗಲಿಲ್ಲ. ನಾವು ಮೋಸ ಹೋಗಿದ್ದು ಇಲ್ಲೇ.

ನಾಲ್ಕನೆಯದನ್ನು ಏಪ್ರಿಲ್ ಮೊದಲ ವಾರ ಹಾಕಿದೆವು. ನಮ್ಮ ಕಡೆ ಆಗ ಬಿಸಿಲು 40 ಡಿಗ್ರಿ ಹತ್ತಿರ ಇರುತ್ತದೆ. ಎರಡನೇ ದಿನ ರಾತ್ರಿ ಮಗಳು ಎದ್ದು ಕೂತು, "ಅವ್ವಾ, ಭಾಳ ತುರಸಾಕತ್ತೈತಿ" ಅಂದಳು. ನೋಡಿದೆ. ಸೆನ್ಸರನ್ನು ತೋಳಿಗೆ ಹಿಡಿದಿಡುವ ಅಂಟಿನ ಪ್ಯಾಚಿನ ಅಂಚು ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ಬೆವರಿಗೆ ಆಗಿರುತ್ತದೆ, ಮಲಗು ಅಂದೆ. ಮರುದಿನ ಅತ್ತೆಯವರೂ ಬೆವರುಸಾಲೆ ಅಂದರು. ಸೆನ್ಸರ್ ತಂದ ಅಂಗಡಿಯವರೂ ಅದನ್ನೇ ಹೇಳಿದರು. ಎಲ್ಲರೂ ಒಂದೇ ಮಾತು ಹೇಳಿದರೆ ನಂಬಿಬಿಡುತ್ತೇವೆ, ಅಲ್ವಾ?

ಆರನೇ ದಿನಕ್ಕೆ ಕೆಂಪು ಪ್ಯಾಚಿನ ಅಂಚು ದಾಟಿ ಹೊರಗೆ ಬಂದಿತ್ತು. ಸುತ್ತಲೂ ಸಾಸಿವೆ ಕಾಳಿನಷ್ಟು ನೀರ್ಗುಳ್ಳೆಗಳು. ಆಗಲಾದರೂ ತೆಗೆಯಬೇಕಿತ್ತು. ತೆಗೆಯಲಿಲ್ಲ. ಕಾರಣ ದುಡ್ಡು. ಒಂದು ಸೆನ್ಸರ್‌ಗೆ ಸುಮಾರು 4,500 ರೂಪಾಯಿ ಕೊಟ್ಟಿದ್ದೆವು, ಇನ್ನೂ ಎಂಟು ದಿನ ಬಾಕಿ ಇತ್ತು. ಸುಮ್ನೆ ಹಾಳಾಗುತ್ತಲ್ಲ ಅನ್ನಿಸಿತು. ಬೆವರಿಗೆ ಅಂಚು ಏಳುತ್ತಿದೆ ಅಂತ ಮೇಲೆ ಇನ್ನೊಂದು ಟೇಪ್ ಬಿಗಿಯಾಗಿ ಸುತ್ತಿದೆ. ಒಳಗೆ ಗಾಳಿಯೇ ಆಡದ ಹಾಗೆ ಮಾಡಿದೆ.

ಒಂಬತ್ತನೇ ದಿನ ರಾತ್ರಿ ಎರಡು ಗಂಟೆಗೆ ಮೊಬೈಲ್ ಕೂಗಿಕೊಂಡಿತು. ಶುಗರ್ 58, ತೀರಾ ಕಡಿಮೆ. ಗಾಬರಿಯಲ್ಲಿ ಅವಳನ್ನು ಎಬ್ಬಿಸಿ ಸಕ್ಕರೆ ನೀರು ಕುಡಿಸಿದೆವು. ಹತ್ತು ನಿಮಿಷ ಬಿಟ್ಟು ಬೆರಳಿಗೆ ಚುಚ್ಚಿ ನೋಡಿದರೆ 214! ಗುಳ್ಳೆಗಳ ನೀರು ಸೋರಿ ಪ್ಯಾಚ್ ಅರ್ಧ ಎದ್ದಿತ್ತು, ಒಳಗಿನ ಎಳೆ ಜಾಗ ಬಿಟ್ಟು ಸರಿದಿತ್ತು. ಅದು ತೋರಿಸಿದ ಸಂಖ್ಯೆಗೆ ಅರ್ಥವೇ ಇರಲಿಲ್ಲ. ಇದನ್ನು ನೆನಪಿಡಿ: ಚರ್ಮ ಕೆಟ್ಟು ಅಂಟು ಸಡಿಲವಾದರೆ ರೀಡಿಂಗ್ ನಂಬುವ ಹಾಗಿಲ್ಲ. ಇದೇ ಸಂಖ್ಯೆ ಉಲ್ಟಾ, ತಪ್ಪಾಗಿ ಜಾಸ್ತಿ ತೋರಿಸಿ, ಅದನ್ನು ನೋಡಿ ಇನ್ಸುಲಿನ್ ಜಾಸ್ತಿ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸಲು ಆಗುವುದಿಲ್ಲ.

ಆ ಗಾಬರಿಯಲ್ಲೇ ಪ್ಯಾಚನ್ನು ಒಂದೇ ಸಲಕ್ಕೆ ಕಿತ್ತೆ. ಮೇಲಿನ ಚರ್ಮ ಅದರ ಜೊತೆಗೇ ಎದ್ದು ಬಂತು. ಕೆಳಗೆ ಹಸಿ ಗಾಯ, ಗುಂಡಗೆ, ಪ್ಯಾಚಿನ ಅಳತೆಗೆ ಕತ್ತರಿಸಿದ ಹಾಗೆ. ಮಗಳು ಅಳಲಿಲ್ಲ, ತುಟಿ ಕಚ್ಚಿಕೊಂಡು ಗೋಡೆ ಕಡೆ ತಿರುಗಿದಳು.

ಬೆಳಿಗ್ಗೆ ಔಷಧಿ ಅಂಗಡಿಯಲ್ಲಿ ತುರಿಕೆಗೆ ಒಂದು ಟ್ಯೂಬ್ ಕೊಟ್ಟರು. ಡಾಕ್ಟರ ಚೀಟಿ ಕೇಳಲಿಲ್ಲ. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯಿತು. ಸರಿಹೋಯಿತು ಅಂತ ಬಲತೋಳಿಗೆ ಐದನೇ ಸೆನ್ಸರ್ ಹಾಕಿದೆವು. ಈ ಸಲ ಒಂದೇ ರಾತ್ರಿಯಲ್ಲಿ ಗುಳ್ಳೆ ಎದ್ದವು. ಎಡತೋಳಿನ ಗಾಯದಲ್ಲಿ ಹಳದಿ ಕೀವು ಬಂತು, ಜ್ವರವೂ ಬಂತು. ಟೈಪ್ 1 ಇರುವ ಮಕ್ಕಳಿಗೆ ಸೋಂಕಾದರೆ ಶುಗರ್ ಹೇಗೆ ಏರುತ್ತದೆ ಅಂತ ಗೊತ್ತಿದ್ದವರಿಗೆ ಆ ಮೂರು ದಿನ ಹೇಗಿತ್ತು ಅಂತ ಬೇರೆ ಹೇಳಬೇಕಿಲ್ಲ.

ಚರ್ಮದ ಡಾಕ್ಟರ್ ಟ್ಯೂಬ್ ತಿರುಗಿಸಿ ಓದಿದರು. ಅದರಲ್ಲಿ ಜೋರಾದ ಸ್ಟೆರಾಯ್ಡ್, ಜೊತೆಗೆ ಆಂಟಿಬಯಾಟಿಕ್, ಮೇಲೆ ಫಂಗಸ್ ಔಷಧಿ, ಮೂರೂ ಇದ್ದವು. ಸ್ಟೆರಾಯ್ಡ್ ಕೆಂಪನ್ನು ಅಡಗಿಸುತ್ತದೆ, ಆದರೆ ಅದರ ಕೆಳಗೆ ಸೋಂಕು ಬೆಳೆಯುತ್ತಲೇ ಇರಬಹುದು. ಹೆಚ್ಚು ದಿನ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. 2018ರಲ್ಲಿ ಸರ್ಕಾರ ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಕೈಗೆ ಸಿಗುತ್ತದೆ. ಡಾಕ್ಟರ್ ಕೊಟ್ಟಿದ್ದೂ ಸ್ಟೆರಾಯ್ಡ್ ಕ್ರೀಮೇ. ಆದರೆ ಬೇರೆ ಶಕ್ತಿಯದು, ಸೋಂಕು ವಾಸಿಯಾದ ಮೇಲೆ, ಎಣಿಸಿ ಐದು ದಿನ.

ಅವರು ಹೇಳಿದ ಒಂದು ವ್ಯತ್ಯಾಸ ನನಗೆ ಏಪ್ರಿಲ್‌ನಲ್ಲೇ ಗೊತ್ತಿರಬೇಕಿತ್ತು. ಬೆವರು, ಉಜ್ಜಾಟ, ಗಾಳಿ ಆಡದಿರುವುದು, ಇವುಗಳಿಂದ ಆಗುವ ಕಿರಿಕಿರಿ ಸಾಮಾನ್ಯವಾಗಿ ಪ್ಯಾಚಿನ ಕೆಳಗಷ್ಟೇ ಇರುತ್ತದೆ, ತೆಗೆದ ಮೇಲೆ ಬೇಗ ಇಳಿಯುತ್ತದೆ. ಅಲರ್ಜಿ ಹಾಗಲ್ಲ. ಅದು ಸಾಮಾನ್ಯವಾಗಿ ಮೊದಲ ಸಲವೇ ಬರುವುದಿಲ್ಲ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಅಂಟು ತಾಗಿ ತಾಗಿ ಮೈ ಅದನ್ನು ಶತ್ರು ಅಂತ ಗುರುತಿಸಿಕೊಳ್ಳುತ್ತದೆ. ಆಮೇಲೆ ಪ್ರತಿ ಸಲವೂ ತುರಿಕೆ, ನೀರ್ಗುಳ್ಳೆ, ಅಂಚು ದಾಟುವ ಕೆಂಪು. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಮೂರು ಸೆನ್ಸರ್ ಸುಮ್ಮನಿದ್ದು ನಾಲ್ಕನೆಯದಕ್ಕೆ ಯಾಕೆ ಆಯಿತು ಅನ್ನುವುದಕ್ಕೆ ಉತ್ತರ ಇದೇ.

ಕಾರಣ ಹುಡುಕಲು ಬೆಳಗಾವಿಗೆ ಹೋದೆವು. ಶಹಾಪುರದಲ್ಲಿ ತಂಗಿಯ ಮನೆ ಇದೆ, ಅಲ್ಲೇ ಐದು ದಿನ ಉಳಿದೆವು. ಅಲ್ಲಿ ಮಾಡಿಸಿದ್ದು ಪ್ಯಾಚ್ ಟೆಸ್ಟ್: ಅಲರ್ಜಿ ತರಬಹುದಾದ ವಸ್ತುಗಳಿರುವ ಸಣ್ಣ ಸಣ್ಣ ಬಿಲ್ಲೆಗಳನ್ನು ಬೆನ್ನಿಗೆ ಅಂಟಿಸುತ್ತಾರೆ. ಎರಡು ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ. ಬಿಲ್ಲೆ ತೆಗೆದಾಗ ಒಮ್ಮೆ, ನಾಲ್ಕನೇ ದಿನ ಇನ್ನೊಮ್ಮೆ ನೋಡುತ್ತಾರೆ. ಐಸೋಬೋರ್ನೈಲ್ ಅಕ್ರಿಲೇಟ್ ಅನ್ನುವ ವಸ್ತು ಇದ್ದ ಜಾಗ ಕೆಂಪಗೆ ಉಬ್ಬಿತ್ತು. ಅಕ್ರಿಲೇಟ್ ಅಂದರೆ ಗಟ್ಟಿಯಾದರೆ ಪ್ಲಾಸ್ಟಿಕ್ ಆಗುವ ರಸಾಯನ. ಪೂರ್ತಿ ಗಟ್ಟಿಯಾಗದೆ ಉಳಿದ ಅಂಶ ಅಂಟಿನ ಮೂಲಕ ಚರ್ಮಕ್ಕೆ ಇಳಿಯುತ್ತದೆ. ಗ್ಲೂಕೋಸ್ ಸೆನ್ಸರ್‌ನಲ್ಲಿ ಇದು ಅಲರ್ಜಿ ತರುತ್ತದೆ ಅಂತ ಬೆಲ್ಜಿಯಂನ ಚರ್ಮವೈದ್ಯರು 2017ರಲ್ಲೇ ಬರೆದಿದ್ದಾರಂತೆ. 2020ಕ್ಕೆ ಅಮೆರಿಕದ ಚರ್ಮವೈದ್ಯರ ಸಂಘವೊಂದು ಇದನ್ನೇ ವರ್ಷದ ಅಲರ್ಜಿ ವಸ್ತು ಅಂತ ಆರಿಸಿತ್ತು. ನಾವು ಕೊಂಡ ಡಬ್ಬಿಯ ಮೇಲೆ ಅಂಟಿನಲ್ಲಿ ಏನಿದೆ ಅಂತ ಒಂದು ಸಾಲೂ ಇರಲಿಲ್ಲ. ಇದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಇನ್ನೊಂದು ಮಾತು. ಮಾಮೂಲಿ ಪ್ಯಾಚ್ ಟೆಸ್ಟ್ ಕಿಟ್‌ನಲ್ಲಿ ಈ ವಸ್ತು ಇಲ್ಲದೇ ಇರಬಹುದು. ಊರಿಂದ ಊರಿಗೆ ಹೋಗುವ ಮೊದಲು ಫೋನ್ ಮಾಡಿ ಕೇಳಿ.

ಎಲ್ಲರಿಗೂ ಅಲರ್ಜಿಯೇ ಆಗಿರುವುದಿಲ್ಲ. ಬರೀ ಕಿರಿಕಿರಿ ಆಗಿದ್ದರೆ ದಾರಿಗಳಿವೆ. ಹಾಕುವ ಮೊದಲು ಸ್ಪಿರಿಟ್ ಪೂರ್ತಿ ಆರಲು ಬಿಡಿ, ಹಸಿ ಇರುವಾಗಲೇ ಅಂಟಿಸಬೇಡಿ. ಆ ಜಾಗಕ್ಕೆ ಎಣ್ಣೆ, ಪೌಡರ್ ಬೇಡ. ಪ್ರತಿ ಸಲ ಜಾಗ ಬದಲಿಸಿ. ಚರ್ಮದ ಮೇಲೆ ತೆಳು ಪದರ ಕಟ್ಟುವ ಸ್ಪ್ರೇ, ವೈಪ್ಸ್ ಸಿಗುತ್ತವೆ, ಅವು ಎಷ್ಟೋ ಜನರಿಗೆ ಸಾಕಾಗುತ್ತವೆ. ನಮಗೆ ಅದೂ ಉಪಯೋಗಕ್ಕೆ ಬರಲಿಲ್ಲ, ಒಂದು ದಿನ ತಡವಾಗಿ ಗುಳ್ಳೆ ಬಂದವು, ಅಷ್ಟೇ. ತೆಗೆಯುವಾಗ ನನ್ನ ಹಾಗೆ ಕೀಳಬೇಡಿ. ಅಂಚಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಒಂದು ಬೆರಳಲ್ಲಿ ಚರ್ಮ ಒತ್ತಿ ಹಿಡಿದು, ಪ್ಯಾಚನ್ನು ಮೇಲಕ್ಕೆ ಎಳೆಯದೆ ಚರ್ಮಕ್ಕೆ ಸಮನಾಗಿ ಮಡಚುತ್ತಾ ನಿಧಾನ ಬಿಡಿಸಿ. ಗುಳ್ಳೆ ಕಂಡರೆ ಫೋಟೋ ತೆಗೆದಿಡಿ, ತೆಗೆದ ಪ್ಯಾಚನ್ನೂ ಡಬ್ಬಿಯನ್ನೂ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ. ಕೀವು, ಬಿಸಿ, ಜ್ವರ ಇದ್ದರೆ ಅವತ್ತೇ ಹೋಗಿ. ಸೆನ್ಸರ್ ತೆಗೆದ ದಿನಗಳಲ್ಲಿ ಬೆರಳಿಗೆ ಚುಚ್ಚಿ ನೋಡುವುದನ್ನು ಮಾತ್ರ ತಪ್ಪಿಸಬೇಡಿ. ಗ್ಲೂಕೋಮೀಟರ್, ಸ್ಟ್ರಿಪ್ ಮನೆಯಲ್ಲಿ ಇದ್ದೇ ಇರಲಿ.

ಮಗಳು ಮೂರು ತಿಂಗಳು ಮತ್ತೆ ಸೂಜಿಗೆ ಮರಳಿದಳು. ಈಗ ಡಾಕ್ಟರ್ ವಿಚಾರಿಸಿ ಹೇಳಿದ ಬೇರೆ ಅಂಟಿನ ಸೆನ್ಸರ್ ಹಾಕುತ್ತಿದ್ದೇವೆ. ಅಂಟಿಸಿದ ಮೂರು ದಿನ ಬೆಳಿಗ್ಗೆ ಸಂಜೆ ಟಾರ್ಚ್ ಹಿಡಿದು ಅಂಚು ನೋಡುತ್ತೇನೆ. ಇಲ್ಲಿಯವರೆಗೆ ಏನೂ ಬಂದಿಲ್ಲ.

ಹಲ್ಲಿನ ಸಿಮೆಂಟ್‌ನಲ್ಲಿ, ಉಗುರಿಗೆ ಹಚ್ಚುವ ಜೆಲ್‌ನಲ್ಲಿ ಕೂಡ ಅಕ್ರಿಲೇಟ್ ಜಾತಿಯ ವಸ್ತುಗಳಿರುತ್ತವೆ. ಒಂದಕ್ಕೆ ಆಗದವರಿಗೆ ಎಲ್ಲವೂ ಆಗುವುದಿಲ್ಲ ಅಂತಲ್ಲ, ಆದರೆ ಅವನ್ನು ಹಾಕುವವರಿಗೆ ಮೊದಲೇ ಹೇಳಿರಬೇಕು ಅಂತ ಡಾಕ್ಟರ್ ಅಂದಿದ್ದಾರೆ. ಶುಗರ್ ಬರೆಯುವ ಡೈರಿಯ ಮೊದಲ ಪುಟದಲ್ಲಿ ಮಗಳೇ ಕೆಂಪು ಪೆನ್ನಿನಲ್ಲಿ "ಅಕ್ರಿಲೇಟ್ ಅಲರ್ಜಿ" ಅಂತ ದೊಡ್ಡದಾಗಿ ಬರೆದುಕೊಂಡಿದ್ದಾಳೆ. ಹೋದ ತಿಂಗಳು ಗುಳೇದಗುಡ್ಡದಲ್ಲಿ ಮದುವೆ ಇತ್ತು. ಹುಡುಗಿಯರೆಲ್ಲ ಉಗುರಿಗೆ ಜೆಲ್ ಹಾಕಿಸಿಕೊಳ್ಳುತ್ತಿದ್ದರು. ಇವಳ ಕೈ ಹಿಡಿದು ಎಳೆದರು. "ಅದ್ರಾಗ ಅಕ್ರಿಲೇಟ್ ಇರತೈತಿ, ನನಗ ಬ್ಯಾಡ. ಮೆಹಂದಿ ಹಚ್ಚರಿ" ಅಂದು ಅಂಗೈ ಮುಂದೆ ಹಿಡಿದಳು.