ಡಯಾಲಿಸಿಸ್ ವೇಟಿಂಗ್ ಹಾಲ್‌ನಲ್ಲಿ ಆರು ತಿಂಗಳು ಬಳಸಿದ ಪಾಕೆಟ್ ಹೊಸ ಒಡಂಬಡಿಕೆ, ನನ್ನ ರಿವ್ಯೂ

ಎಂ.ಜಿ. ರೋಡ್ ಕಡೆ ಒಂದು ಕ್ರೈಸ್ತ ಪುಸ್ತಕದಂಗಡೀಲಿ ತಗೊಂಡಿದ್ದು ಇದು. ಬೈಬಲಿನ ಎರಡನೇ ಭಾಗ ಹೊಸ ಒಡಂಬಡಿಕೆ, ಜೊತೆಗೆ ಮೊದಲನೇ ಭಾಗ ಹಳೇ ಒಡಂಬಡಿಕೆಯಿಂದ ಕೀರ್ತನೆಗಳು, ಶರ್ಟ್ ಜೇಬಲ್ಲಿ ಕೂರೋ ಸೈಜು, ಕಪ್ಪು ರೆಕ್ಸಿನ್ ಕವರ್, ನೂರು ಚಿಲ್ಲರೆ ರೂಪಾಯಿ. ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ, ಅದಕ್ಕೂ ಮುಂಚೆ ಬಿಲ್ಲಿಂಗ್ ಕ್ಯೂ, ಟೋಕನ್ನು, ಮಷೀನ್ ಖಾಲಿಯಾಗೋವರೆಗೆ ಇನ್ನೊಂದು ಗಂಟೆ, ಅಂದ್ರೆ ವಾರಕ್ಕೆ ಹದಿನೈದು ಗಂಟೆ ನಾನು ಆ ಸ್ಟೀಲ್ ಕುರ್ಚಿ ಮೇಲೆ. ಫೋನಲ್ಲೇ ಬೈಬಲ್ ಆ್ಯಪ್ ಇದ್ಯಲ್ಲ ಅಂತ ನೀವು ಕೇಳಬಹುದು, ಇತ್ತು, ಆದ್ರೆ ನನ್ನ ಕತೆ ಹೇಳ್ತೀನಿ, ಮತ್ತಾಯ ಐದನೇ ಅಧ್ಯಾಯ ಓಪನ್ ಮಾಡಿದ್ರೆ ಮೇಲಿಂದ ಆಫೀಸ್ ಗ್ರೂಪ್ ಮೆಸೇಜ್ ಇಳಿಯುತ್ತೆ, ಅದನ್ನ ನೋಡಕ್ಕೆ ಹೋಗಿ ಅರ್ಧ ಗಂಟೆ ಆದ್ಮೇಲೆ ನಾನು ಕುಕ್ಕರ್ ರೇಟ್ ನೋಡ್ತಾ ಇರ್ತೀನಿ. ಪುಸ್ತಕಕ್ಕೆ ಆ ತಾಪತ್ರಯ ಇಲ್ಲ. ಚಾರ್ಜಿಂಗ್ ಪಾಯಿಂಟ್ ಪಕ್ಕದ ಸೀಟಿಗೆ ಜಗಳನೂ ಆಡ್ಬೇಕಾಗಿಲ್ಲ. ಫಾರ್ಮಸಿಗೆ ಎದ್ದು ಹೋಗೋವಾಗ ಕುರ್ಚಿ ಮೇಲೆ ಇಟ್ಟು ಹೋದ್ರೆ ಸೀಟೂ ಉಳಿಯುತ್ತೆ, ಕರ್ಚೀಫ್ ಇಟ್ರೆ ತಳ್ಳಿ ಕೂರೋರು ಧರ್ಮಗ್ರಂಥ ಮುಟ್ಟಲ್ಲ 😄

ಕೀರ್ತನೆಗಳದ್ದು ಒಂದು ದೊಡ್ಡ ಅನುಕೂಲ ಏನಂದ್ರೆ ಕಾಯೋ ಟೈಮಿಗೆ ತಕ್ಕ ಅಳತೆ ಅದರಲ್ಲೇ ಸಿಗುತ್ತೆ. ಲಿಫ್ಟ್ ಬರೋದ್ರೊಳಗೆ 117 ಮುಗಿಯುತ್ತೆ, ಇರೋದೇ ಎರಡು ವಚನ. ಸಿಲ್ಕ್ ಬೋರ್ಡ್ ಹತ್ರ ಕ್ಯಾಬ್‌ನಲ್ಲಿ ಸಿಕ್ಕಾಕೊಂಡ್ರೆ 119 ಇದೆ, 176 ವಚನ, ಮಳೆ ಬಂದ ದಿನ ಅದೂ ಸಾಕಾಗಲ್ಲ. 120ರಿಂದ 134ರವರೆಗೆ ಹದಿನೈದು ಯಾತ್ರಾಗೀತೆಗಳು, ಜೆರುಸಲೇಮಿಗೆ ಹತ್ತಿ ಹೋಗೋರು ಹಾಡ್ತಿದ್ರು ಅಂತಾರೆ, ಚಿಕ್ಕಚಿಕ್ಕವು, ಪರ್ಪಲ್ ಲೈನ್ ಮೆಟ್ರೋದಲ್ಲಿ ನಿಂತ್ಕೊಂಡೇ ಓದಬಹುದು.

ಈಗ ಬೈಯ್ಯೋದು. ಅಕ್ಷರ ಸಾಸಿವೆ ಕಾಳು, ನಲವತ್ತು ದಾಟಿದೋರು ಅಂಗಡೀಲೇ ತೆಗ್ದು ನೋಡಿ ತಗೊಳಿ. ಪೇಪರ್ ಎಷ್ಟು ತೆಳು ಅಂದ್ರೆ ಹಿಂದಿನ ಪುಟನೂ ಕಾಣುತ್ತೆ. ಪುಟದ ಗುರುತಿಗೆ ದಾರ ಒಂದೇ ಕೊಟ್ಟಿದಾರೆ, ಯೇಸುವಿನ ಕತೆ ಇರೋ ಸುವಾರ್ತೆಗೊಂದು ಕೀರ್ತನೆಗೊಂದು ಬೇಕಿತ್ತು, ನಾನು ಫಾರ್ಮಸಿ ಬಿಲ್ ಮಡಚಿ ಇಟ್ಕೊಂಡಿದೀನಿ. ಮತ್ತೆ ಹಳೇ ಒಡಂಬಡಿಕೆ ಪೂರ್ತಿ ಇಲ್ಲದೇ ಇರೋದ್ರಿಂದ ಕಾಯೋರಿಗೆ ಬೇಕಾದ ಒಳ್ಳೊಳ್ಳೆ ಕತೆಗಳೇ ಮಿಸ್ಸು. ಯೋಸೇಫ ಜೈಲಲ್ಲಿ, ರಾಜನಿಗೆ ಕುಡಿಯಕ್ಕೆ ಕೊಡೋ ಪಾನದಾಯಕನಿಗೆ, ನೀನು ಬಿಡುಗಡೆಯಾದ್ಮೇಲೆ ಈಜಿಪ್ಟಿನ ರಾಜ ಫರೋಹನ ಹತ್ರ ನನ್ ವಿಷ್ಯ ಹೇಳಪ್ಪ ಅಂತಾನೆ, ಅವನು ಹೊರಗೆ ಹೋದವನೇ ಮರ್ತುಬಿಡ್ತಾನೆ, ಆಮೇಲೆ ಪೂರ್ತಿ ಎರಡು ವರ್ಷ. ತಾಲ್ಲೂಕು ಆಫೀಸಿಗೆ ಅಲೆದೋರಿಗೆ ಈ ಕತೆ ವಿವರಿಸಿ ಹೇಳ್ಬೇಕಾಗಿಲ್ಲ.

ಬಳಸೋ ವಿಷ್ಯದಲ್ಲಿ ನಾನೇ ಮಾಡಿದ ಒಂದು ತಪ್ಪೂ ಹೇಳ್ಬೇಕು. ನಮ್ಮ ಸಭೆ ಅಯ್ಯನವರು, ಅಂದ್ರೆ ಪಾದ್ರಿ, ಹೊಸ ಒಡಂಬಡಿಕೇಲಿರೋ ‘ಎಫೆಸದವರಿಗೆ ಬರೆದ ಪತ್ರ’ದ 5ನೇ ಅಧ್ಯಾಯದ ಮೇಲೆ ಪ್ರಸಂಗ ಮಾಡಿದ್ರು, ಸಮಯವನ್ನ ಉಪಯೋಗಿಸ್ಕೊಳ್ಳಿ ಅನ್ನೋ ಕಡೆ ಗ್ರೀಕ್ ಮೂಲದಲ್ಲಿರೋದು ಸಂತೇಲಿ ದುಡ್ಡು ಕೊಟ್ಟು ಕೊಂಡ್ಕೊಳ್ಳೋ ಮಾತಂತೆ. ನಾನು ಅದನ್ನ ಟಾರ್ಗೆಟ್ ಮಾಡ್ಕೊಂಡೆ. ಹೊಸ ಒಡಂಬಡಿಕೇಲಿ 260 ಅಧ್ಯಾಯ, ದಿನಕ್ಕೆ ಮೂರು ಓದಿದ್ರೆ ಮೂರು ತಿಂಗಳೊಳಗೆ ಖಲಾಸ್, ಟಿಕ್ ಹಾಕೊಂಡು ಹಾಕೊಂಡು ಮುಗಿಸ್ದೆ, ಮುಗಿಸಿದ್ಮೇಲೆ ನೋಡಿದ್ರೆ ತಲೇಲಿ ಏನೂ ಇಲ್ಲ, ಪಕ್ಕದ ಸೀಟಿನ ಅಜ್ಜಿ ಮೂರು ತಿಂಗಳಿಂದ ಅಲ್ಲೇ ಕೂತಿದ್ರು, ಅವರ ಹೆಸರೂ ಕೇಳಿರಲಿಲ್ಲ. ಲೂಕ ಎರಡನೇ ಅಧ್ಯಾಯದಲ್ಲಿ ಸಿಮೆಯೋನ, ಅನ್ನ ಅಂತ ಇಬ್ಬರು ಬರ್ತಾರಲ್ಲ, ಇಡೀ ಆಯಸ್ಸು ಕಾದೋರು, ಅವರು ಎಷ್ಟು ಓದಿ ಮುಗಿಸಿದ್ರು ಅಂತ ಲೂಕ ಲೆಕ್ಕ ಕೊಡಲ್ಲ, ಮಗು ಯೇಸು ಬಂದಾಗ ಗುರುತು ಹಿಡಿದ್ರು ಅಂತ ಬರೀತಾನೆ ಅಷ್ಟೇ. ಅದಾದ್ಮೇಲೆ ನಾನು ದಿನಕ್ಕೆ ಒಂದೇ ಕೀರ್ತನೆ ಇಟ್ಕೊಂಡೆ. ಉಳಿದ ಟೈಮು ಅಜ್ಜಿ ಜೊತೆ ಮಾತು, ಅವರ ಟೋಕನ್ ನಂಬರ್ ಬೋರ್ಡ್ ಮೇಲೆ ಬಂದ್ರೆ ನಾನು ಹೇಳ್ತೀನಿ, ಅವರಿಗೆ ಕಣ್ಣು ಮಂಜು.

ಭಾಷೆ ಹಳೇದು, ಗ್ರಾಂಥಿಕ, ಹೊಸಬರಿಗೆ ಸ್ವಲ್ಪ ಕಷ್ಟ, ನನಗಂತೂ ಇಷ್ಟ. ಜಾನ್ ಹ್ಯಾಂಡ್ಸ್ ಅನ್ನೋ ಮಿಷನರಿ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತ್ರೆ, ಪೂರ್ತಿ ಬೈಬಲ್ ಪ್ರಿಂಟಾಗಿ ಕೈಗೆ ಬರೋ ಹೊತ್ತಿಗೆ ಇಪ್ಪತ್ತು ವರ್ಷ ಆಗಿತ್ತು. ನಂದು ನಾಲ್ಕೇ ಗಂಟೆ, ಸುಮ್ನೆ ಗೊಣಗ್ತೀನಿ.

ಅಮ್ಮನ ರಿವ್ಯೂ ಬೇರೆ. ಒಂದು ಕೈಗೆ ಸೂಜಿ ಚುಚ್ಚಿರ್ತಾರೆ, ಆ ಕೈ ಅಲ್ಲಾಡಿಸೋ ಹಾಗಿಲ್ಲ, ಇನ್ನೊಂದು ಕೈಯಲ್ಲಿ ಹಿಡಿಯಕ್ಕೆ ಹಗುರ ಚೆನ್ನಾಗಿದೆ, ಆದ್ರೆ ಪುಟ ತಿರುಗಿಸಕ್ಕೆ ಆಗಲ್ಲ, ಸಿಸ್ಟರ್ ಬಂದಾಗ ತಿರುಗಿಸಿಕೊಡ್ತಾರೆ. "ಫೋನಾದ್ರೆ ನಿದ್ದೆ ಬಂದಾಗ ಮುಖದ ಮೇಲೆ ಬೀಳುತ್ತೆ ಕಣೋ, ಇದು ಬಿದ್ರೂ ನೋಯಲ್ಲ" ಅಂದ್ರು. ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್, ಒಂದು ಆ ದಾರಕ್ಕೆ ಕಟ್.

ಒಂದ್ಸಲ ಅಮ್ಮನ್ನ ರಾತ್ರಿ ಅಡ್ಮಿಟ್ ಮಾಡ್ಬೇಕಾಯ್ತು. ಬೆಳಗಿನ ಜಾವ ನಾಲ್ಕು ಗಂಟೆ, ಹಾಲ್‌ನಲ್ಲಿ ನಾನು ಮತ್ತೆ ಸೆಕ್ಯುರಿಟಿ ಅಣ್ಣ ಇಬ್ಬರೇ. 130ನೇ ಕೀರ್ತನೆ ತೆಗ್ದಿದ್ದೆ, ಬೆಳಗಾಗೋದನ್ನ ಕಾಯೋ ಕಾವಲುಗಾರರಿಗಿಂತ ಹೆಚ್ಚಾಗಿ ಕಾಯ್ತೀನಿ ಅನ್ನೋ ಮಾತು ಅದರಲ್ಲಿ ಎರಡೆರಡು ಸಲ ಬರುತ್ತೆ. ಅಷ್ಟೊತ್ತಿಗೆ ಅಣ್ಣ ಬಂದು "ಟೈಮ್ ಎಷ್ಟು ಸಾರ್" ಅಂದ್ರು, ಆ ರಾತ್ರಿ ಮೂರನೇ ಸಲ. ಆ ವಚನ ಓದಿ ಹೇಳ್ದೆ. "ಹೌದಾ, ನಮ್ ಬಗ್ಗೆನೂ ಬರ್ದಿದಾರಾ" ಅಂತ ನಕ್ಕು ಪಕ್ಕದಲ್ಲೇ ಕೂತ್ರು. ಆರು ಗಂಟೆಗೆ ಅವರ ರಿಲೀವರ್ ಬಂದ್ರು, ನಮ್ಮ ಡಾಕ್ಟರ್ ಬಂದಿದ್ದು ಒಂಬತ್ತೂವರೆಗೆ.